ಮುಟ್ಟಿ ನೋಡುವ ಮಣ್ಣು

ಅಂಗೈ ಮೇಲಿಟ್ಟ ಇಷ್ಟಲಿಂಗದ ತಂಪು ಎಡಗೈಯ ಅರ್ಧಕ್ಕೆ ಮಾತ್ರ ತಿಳಿಯಿತು. ಹೆಬ್ಬೆರಳಿನ ಕಡೆ ಪೂಜೆಯ ನೀರು ತಣ್ಣಗೆ ಹರಿಯಿತು. ಕಿರುಬೆರಳಿನ ಕಡೆ ನೀರು ಕಾಣಿಸಿತು, ಅಷ್ಟೇ.

ನಿದ್ದೆ ಪೂರ್ತಿ ಬಿಟ್ಟಿಲ್ಲವೆಂದುಕೊಂಡೆ. ಬರೋಡಾದಲ್ಲಿ ಶಿಲ್ಪಕಲೆಯ ಓದು ಮುಗಿಸಿ ಆಗಷ್ಟೇ ತರೀಕೆರೆಯ ಮನೆಗೆ ಮರಳಿದ್ದೆ. ಹಿತ್ತಿಲಲ್ಲಿ ಸಣ್ಣದೊಂದು ಗೂಡು ಕಟ್ಟಿ ಸೆರಾಮಿಕ್ ಶಿಲ್ಪಗಳನ್ನು ಸುಡುತ್ತಿದ್ದೆ. ಒಂದೊಂದಕ್ಕೂ ಒಂದು ಮೈ ಗಾಜಿನಂಥ ಗ್ಲೇಜ್ ಹಚ್ಚಿದ ನುಣುಪು. ಇನ್ನೊಂದು ಮೈ ಹೆಂಚಿನ ಚೂರು ಬೆರೆಸಿದ ಒರಟು. ಕಣ್ಣಿಗಿಂತ ಕೈಗಾಗಿ ಮಾಡಿದವು ಅವು. ಪಕ್ಕದ ಮನೆಯ ಜಯಮ್ಮ ಒರಟು ಮೈ ಸವರಿ, ಹಲ್ಲು ಜುಮ್ಮೆಂದಿತೆಂದು ಕೈಯನ್ನು ಸೆರಗಿಗೆ ಉಜ್ಜಿಕೊಳ್ಳುತ್ತಿದ್ದರು. ಮತ್ತೆ ಅಲ್ಲಿಗೇ ಕೈ ಹಾಕುತ್ತಿದ್ದರು. ಹಿಂಜರಿದ ಕೈ ತಾನಾಗಿ ಮರಳುವ ಆ ಗಳಿಗೆಗಾಗಿಯೇ ನಾನು ಕೆಲಸ ಮಾಡುತ್ತಿದ್ದೆ.

ಕೈಯ ಆ ಅರ್ಧಕ್ಕೆ ಸ್ಪರ್ಶ ಮರಳದಿದ್ದಾಗ ಅವ್ವ ನನ್ನನ್ನು ಕಡೂರಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ನನಗೆ ಕಣ್ಣು ಮುಚ್ಚಲು ಹೇಳಿದರು. ಕೈಯಲ್ಲಿ ಹತ್ತಿಯ ಎಳೆ ಹಿಡಿದಿದ್ದರು.

"ಮುಟ್ಟಿದಾಗ ಹೇಳಿ."

ಬಹಳ ಹೊತ್ತು ಸುಮ್ಮನಿದ್ದೆ. ಅವರು ಇನ್ನೂ ಶುರು ಮಾಡಿಲ್ಲವೆಂದುಕೊಂಡಿದ್ದೆ.

"ಲೆಪ್ರಸಿ," ಎಂದರು.

ಅವ್ವ ನನ್ನ ಸೆರಗಿನ ತುದಿ ಹಿಡಿದುಕೊಂಡಳು.

"ಟ್ಯಾಬ್ಲೆಟ್ ತಪ್ಪಿಸಬೇಡಿ, ವಾಸಿಯಾಗುತ್ತೆ. ಔಷಧ ಶುರುವಾದ ಮೇಲೆ ಬೇರೆಯವರಿಗೆ ಅಂಟೋ ಭಯ ಇಲ್ಲ. ನರ್ವ್ ಡ್ಯಾಮೇಜ್ ಆಗಿರೋ ಕಡೆ ಸ್ಪರ್ಶ ವಾಪಸ್ ಬರುತ್ತೋ ಇಲ್ವೋ, ಅದು ಮಾತ್ರ ಹೇಳೋಕಾಗಲ್ಲ."

ಮನೆಗೆ ಮರಳುವ ರೈಲು ಬೀರೂರು ದಾಟಿತು. ಅವ್ವ ಕಿಟಕಿಯ ಕಡೆ ನೋಡುತ್ತಲೇ ಅಂದಳು: "ಯಾರಾದ್ರೂ ಕೇಳಿದ್ರೆ ಮಣ್ಣಿನ ಅಲರ್ಜಿ ಅನ್ನು ಕಣೇ. ನಿನ್ನ ಮದುವೆ ಆಗ್ಬೇಕು."

ನಾನು ತಲೆಯಾಡಿಸಿದೆ.

ಆಮೇಲಿನ ತಿಂಗಳುಗಳು ಮಂಜಿನೊಳಗೆ ನಡೆದಂತೆ ಕಳೆದವು. ಮಧ್ಯಾಹ್ನ ಮಲಗಿದರೆ ಎಡಗೈ ನನ್ನಿಂದ ಸ್ವಲ್ಪ ದೂರದಲ್ಲಿ, ಭದ್ರಾ ಕಾಲುವೆಯ ನೀರಿನ ಮೇಲೆ, ಅವಸರವಿಲ್ಲದೆ ತೇಲಿಹೋಗುತ್ತಿರುವಂತೆ ಅನ್ನಿಸುತ್ತಿತ್ತು. ಎದ್ದು ಮಣ್ಣಿನ ಮುಂದೆ ಕೂರುತ್ತಿದ್ದೆ. ಬಲಗೈ ಮುಟ್ಟಿ ತಿಳಿದದ್ದನ್ನು ಎಡಗೈ ನಂಬಬೇಕಾಗಿತ್ತು. ಉಂಗುರಬೆರಳಿಗೆ ತುಸು ಸ್ಪರ್ಶ ಮರಳಿತು. ಕಿರುಬೆರಳಿಗೆ ಇಲ್ಲ. ಸಿಕ್ಕಿದ್ದಕ್ಕೆ ಕೃತಜ್ಞಳಾಗಿರುವುದನ್ನು ನಿಧಾನವಾಗಿ ಕಲಿತೆ.

ಆದರೆ ಶಿಲ್ಪಗಳನ್ನು ಯಾರೂ ಮುಟ್ಟುತ್ತಿರಲಿಲ್ಲ.

"ಚೆನ್ನಾಗೈತೆ ಕಣಮ್ಮ, ಇಲ್ಲಿಂದ್ಲೇ ಕಾಣ್ತೈತೆ," ಎಂದು ಜಯಮ್ಮ ಹೊಸಿಲಲ್ಲೇ ನಿಲ್ಲುತ್ತಿದ್ದರು. ಮಣ್ಣಿನ ಅಲರ್ಜಿಯೆಂಬ ಅವ್ವನ ಮಾತು ಬೀದಿಯೆಲ್ಲ ಹರಡಿತ್ತು. ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವವರು ಮಣ್ಣಿಗೆ ಹೆದರುತ್ತಿದ್ದರು. ನನ್ನನ್ನು ಉಳಿಸಲು ಹೋಗಿ ಅವ್ವ ರೋಗವನ್ನು ಮಣ್ಣಿಗೆ ಹಚ್ಚಿದ್ದಳು.

ಅಜ್ಜಂಪುರದಿಂದ ಅಪ್ಪನ ಅಕ್ಕ ಗಂಗತ್ತೆ ಬಂದರು. ಅವರಿಗೆ ನಿಜ ಹೇಳಿದೆ. ಮೊದಲು ನನ್ನ ಕೈ ನೋಡಿದರು, ಆಮೇಲೆ ಶಿಲ್ಪ.

"ಇದನ್ನ ಮುಟ್ಟಿದ್ರೆ ಬತ್ತೈತಾ?"

"ಇಲ್ಲ ಅತ್ತೆ."

"ನಿನ್ನ ಮುಟ್ಟಿದ್ರೆ?"

"ಇಲ್ಲ ಅಂದಿದಾರೆ ಡಾಕ್ಟ್ರು."

"ಮತ್ತೆ ಅವ್ವ-ಮಗಳು ಬಾಯಿಗೆ ಬೀಗ ಯಾಕ್ ಹಾಕ್ಕೊಂಡು ಕೂತಿದ್ದೀರ?"

ಕೇಳುತ್ತಲೇ ಒರಟು ಮೈ ಮೇಲೆ ಕೈಯಿಟ್ಟರು. ಭುಜ ಜುಮ್ಮೆಂದು ಮೇಲೆದ್ದಿತು. ಕೈ ನುಣುಪಿನತ್ತ ಜಾರಿದಾಗ ಮೆಲ್ಲಗೆ ಇಳಿಯಿತು.

"ಈ ಕಡೆ ನಿಮ್ಮಪ್ಪನ ಗಡ್ಡ ಕಣೇ. ಈ ಕಡೆ ಕೂಸಿನ ಕೆನ್ನೆ."

ಅಡುಗೆಮನೆಯಲ್ಲಿ ಅವ್ವ ತಡೆಯಲಾರದೆ ನಕ್ಕಳು. ನಾನು ಗಂಗತ್ತೆಯ ಭುಜವನ್ನೇ ನೋಡುತ್ತಿದ್ದೆ. ನನ್ನ ಕಿರುಬೆರಳಿಗೆ ತಿಳಿಯದಿದ್ದ ಒರಟು, ನುಣುಪು ಎರಡೂ ಅಲ್ಲಿ ಏರಿ ಇಳಿದಿದ್ದವು. ಮುಟ್ಟಿದವರಲ್ಲಿ ಇದನ್ನು ಕಾಣುವುದೊಂದನ್ನು ಬಿಟ್ಟುಕೊಡಲು ನನ್ನಿಂದಾಗದು ಎಂದು ಆಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಜಯಮ್ಮ ಹೊಸಿಲಲ್ಲಿ ನಿಂತು ಕೇಳಿದರು: "ಮಣ್ಣಿನ ಅಲರ್ಜಿ ಹೆಂಗೈತಮ್ಮ?"

ಅವ್ವ ಒಳಗಿದ್ದಳು. ಕೇಳಿಸುತ್ತದೆಂದು ಗೊತ್ತಿತ್ತು.

"ಮಣ್ಣಿನದಲ್ಲ," ಎಂದೆ. ಕಾಯಿಲೆಯ ಹೆಸರು ಹೇಳಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವರ ಮುಖ ನೋಡುತ್ತ ನಿಲ್ಲಲಿಲ್ಲ. ಒಳಗೆ ಹೋಗಿ ಶಿಲ್ಪವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಜಗಲಿಯ ಮೇಲೆ, ಹಾದುಹೋಗುವವರ ಕೈಗೆಟುಕುವಂತೆ ಇಟ್ಟೆ, ಒರಟು ಮೈ ಬೀದಿಯ ಕಡೆಗೆ.