ಬ್ಯಾಟು ಹಿಡಿದು ಓಡಿದವರು

ಮೂರು ದಿನವಾಯಿತು, ನಮ್ಮ ಜಗಲಿಯಿಂದ ಸೆಂಟಿನ ವಾಸನೆ ಹೋಗಿಲ್ಲ. ಬಂದವನು ಕುಳಿತದ್ದು ಹತ್ತೇ ನಿಮಿಷ. ಅವನು ಎದ್ದು ಹೋದ ಮೇಲೆ ನನ್ನ ಹೆಂಡತಿ ಆ ಕುರ್ಚಿಯನ್ನು ಅಂಗಳಕ್ಕೆ ಎಳೆದು ಇಡೀ ದಿನ ಬಿಸಿಲಿಗೆ ಇಟ್ಟಳು. ಕುರ್ಚಿ ಕಾದು ಕೆಂಡವಾಯಿತೇ ಹೊರತು ವಾಸನೆ ಇದ್ದಲ್ಲೇ ಇದೆ. ಬಂದವನ ಹೆಸರು ದಯಾನಂದ. ದುಬೈಯಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದವನು ಉದ್ಯಾವರದಿಂದ ಕುಕ್ಕುಂದೂರಿನ ನಮ್ಮ ಮನೆಯವರೆಗೆ ಬಾಡಿಗೆ ಕಾರು ಮಾಡಿಕೊಂಡು ಬಂದು, ಕಪ್ಪು ಕನ್ನಡಕವನ್ನು ತೆಗೆಯದೆಯೇ ನನ್ನ ಕೈಗೆ ಒಂದು ಲಕೋಟೆ ಕೊಟ್ಟ.

ಲಕೋಟೆಯಲ್ಲಿ ಉದ್ಯಾವರದ ನಮ್ಮ ಹಳೆಯ ಯುವಕ ಸಂಘದ ಪತ್ರ. ಸಂಘದ ಬೆಳ್ಳಿಹಬ್ಬವಂತೆ, ಸ್ಮರಣ ಸಂಚಿಕೆ ತರುತ್ತಾರಂತೆ. ಅದಕ್ಕೆ ನಾನು, ನಮ್ಮ ಬೇಸ್‌ಬಾಲ್ ತಂಡದ ಆಟಗಾರರು ಈಗ ಎಲ್ಲೆಲ್ಲಿದ್ದಾರೆ, ಏನೇನು ಮಾಡುತ್ತಿದ್ದಾರೆ ಎಂದು ಎರಡು ಪುಟ ಬರೆದುಕೊಡಬೇಕಂತೆ. ಕೊನೆಯಲ್ಲಿ ಪೆನ್ನಿನಿಂದ ಸೇರಿಸಿದ ಒಂದು ಸಾಲು: ‘ಒಳ್ಳೆಯದನ್ನು ಮಾತ್ರ ಬರೆಯುವುದು.’ ಕೆಳಗೆ ವಿಠಲ ಶೆಟ್ಟಿಯ ಸಹಿ. ಅಂದು ತಂಡದ ಕ್ಯಾಪ್ಟನ್, ಇಂದು ಮಂಡಲ ಪಂಚಾಯತಿನ ಪ್ರಧಾನ.

ಉದ್ಯಾವರದಲ್ಲಿ ಬೇಸ್‌ಬಾಲೇ ಎಂದು ನೀವು ನಗುತ್ತಿದ್ದೀರಿ. ನಗಿ, ನಾವೂ ನಗುವ ಹಾಗೆಯೇ ಆಡಿದ್ದು. ಮಣಿಪಾಲದಲ್ಲಿ ಡಾಕ್ಟರಿಕೆ ಓದಲು ಅಮೆರಿಕದಲ್ಲಿ ಬೆಳೆದ ಒಬ್ಬ ಗುಜರಾತಿ ಹುಡುಗ ಬಂದಿದ್ದ, ಕಿರೀಟ್ ಎಂದು. ಭಾನುವಾರ ಮೋಟಾರು ಸೈಕಲ್ಲಿನಲ್ಲಿ ಕಾಪುವಿನ ಸಮುದ್ರಕ್ಕೆ ಹೋಗುವುದು ಅವನ ಅಭ್ಯಾಸ. ಹಾಗೆ ಹೋಗುವಾಗ ಒಮ್ಮೆ ನಮ್ಮೂರ ಹಂಚಿನ ಕಾರ್ಖಾನೆಯ ಎದುರು ಲಾರಿಗೆ ಹಂಚು ತುಂಬುವುದನ್ನು ಕಂಡು ಗಾಡಿ ನಿಲ್ಲಿಸಿದ. ನಮ್ಮಲ್ಲಿ ಹಂಚನ್ನು ಹೊತ್ತು ಹತ್ತಿಸುವುದಿಲ್ಲ. ಕೆಳಗಿನವನು ಎಸೆಯುತ್ತಾನೆ, ಲಾರಿಯ ಮೇಲಿನವನು ಹಿಡಿದು ಜೋಡಿಸುತ್ತಾನೆ. ಅವತ್ತು ಕೆಳಗೆ ನಿಂತಿದ್ದವನು ಸಂಜೀವ, ಇಪ್ಪತ್ತು ವರ್ಷದ ಸಣಕಲ. ಅವನು ಎಸೆದ ಹಂಚು ಮೇಲಿನವನ ಎರಡು ಅಂಗೈಗಳ ನಡುವೆಯೇ ಹೋಗಿ ಕೂರುತ್ತಿತ್ತು. ಒಂದು ಮೇಲೆ, ಒಂದು ಕೆಳಗೆ ಎಂಬುದಿಲ್ಲ. ಕಿರೀಟ್ ಅರ್ಧ ಗಂಟೆ ನೋಡಿದ. ಮುಂದಿನ ಭಾನುವಾರ ಎರಡು ಬ್ಯಾಟು, ನಾಲ್ಕು ಚರ್ಮದ ಗವಸು, ಒಂದು ಚೀಲ ಚೆಂಡು ತಂದು ನಮ್ಮ ಸಂಘದ ಜಗಲಿಯಲ್ಲಿ ಸುರಿದ.

ಕೊಯ್ಲಾದ ಗದ್ದೆಯ ನಾಲ್ಕು ಮೂಲೆಗೆ ಮರಳು ತುಂಬಿದ ಗೋಣಿಚೀಲ ಇಟ್ಟು ಆಟ ಶುರುವಾಯಿತು. ನಿಯಮ ಬಹಳ ಸರಳ. ಚೆಂಡು ಹೊಡೆದವನು ಬ್ಯಾಟನ್ನು ಅಲ್ಲೇ ಬಿಸಾಡಿ, ಬರಿಗೈಯಲ್ಲಿ ಚೀಲದಿಂದ ಚೀಲಕ್ಕೆ ಸುತ್ತು ಹಾಕಿ ಹೊರಟಲ್ಲಿಗೆ ಮುಟ್ಟಬೇಕು. ಮೂರು ಸಲ ಬೀಸಿಯೂ ಚೆಂಡು ತಾಗದಿದ್ದರೆ ಅವನು ಔಟು. ಆದರೆ ನಮ್ಮವರೆಲ್ಲ ಕ್ರಿಕೆಟ್ಟಿನಲ್ಲಿ ಹುಟ್ಟಿ ಬೆಳೆದವರು. ಅಪರೂಪಕ್ಕೆ ಚೆಂಡು ತಾಗಿತೋ, ವಿಠಲ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದ. ಮೊದಲನೆಯ ಚೀಲಕ್ಕೆ ಬ್ಯಾಟಿನ ತುದಿ ಕುಟ್ಟಿದ. ಅಷ್ಟಕ್ಕೇ ಬಿಟ್ಟನೇ? ಎರಡನೆಯ ರನ್ನಿಗೆಂದು ತಿರುಗಿ ಹಿಂದಕ್ಕೇ ಓಡಿ ಬಂದ. ಕಿರೀಟ್ ತಲೆಯ ಮೇಲೆ ಕೈ ಹೊತ್ತು ಗದ್ದೆಯಂಚಿನ ಹುಣಿಯ ಮೇಲೆ ಕುಳಿತುಬಿಟ್ಟ. ಪಾಪ, ಆ ಹುಡುಗ ಈ ಊರಿನಲ್ಲಿ ಕಲಿತ ಕನ್ನಡ ಎರಡೇ ಶಬ್ದ: ‘ಬ್ಯಾಟ್ ಬಿಡಿ!’

“ಬಿಟ್ಟು ಓಡುವುದಾ? ಯಾರಾದ್ರೂ ಕೊಂಡುಹೋದ್ರೆ ಎಂತ ಮಾಡುವುದು ಮಾರಾಯ?” ಎಂದು ವಿಠಲ ಕೇಳಿದ. ಒಂದು ಸೀಜನ್ ಇಡೀ ಕಲಿಸಿದರೂ ಅವನು ಕೈಯಿಂದ ಬ್ಯಾಟು ಬಿಡಲಿಲ್ಲ. ಈಗ ಅದೇ ಮಹಾಶಯ ಶಾಲೆಗಳ ವಾರ್ಷಿಕೋತ್ಸವದಲ್ಲಿ ಹಾರ ಹಾಕಿಸಿಕೊಂಡು, ‘ಬೇಸ್‌ಬಾಲ್ ನನಗೆ ಶಿಸ್ತು ಕಲಿಸಿತು’ ಎಂದು ಭಾಷಣ ಬಿಗಿಯುತ್ತಾನೆ. ನಾನು ಶಿಕ್ಷಕರ ಸಾಲಿನಲ್ಲಿ ಕುಳಿತು ಕೇಳಿದ್ದೇನೆ. ಚಪ್ಪಾಳೆಯನ್ನೂ ತಟ್ಟಿದ್ದೇನೆ, ಬಿಡಿ. ಪ್ರಧಾನರಲ್ಲವೇ.

ದಯಾನಂದನದ್ದು ಇನ್ನೊಂದು ಕಥೆ. ಅವನನ್ನು ನಿಲ್ಲಿಸಿದ್ದು ಗದ್ದೆಯ ತೀರ ಆಚೆ ಕಡೆ, ಗೇರುಮರದ ಹತ್ತಿರ. ಚೆಂಡು ಅಲ್ಲಿಯವರೆಗೆ ಬರುತ್ತಿರಲಿಲ್ಲವಾದ್ದರಿಂದ ಅವನು ನೆರಳಲ್ಲಿ ಮಲಗಿ ನಿದ್ರೆ ಮಾಡುತ್ತಿದ್ದ. ಆಟ ಮುಗಿದ ಮೇಲೆ ಯಾರಾದರೂ ಹೋಗಿ ಎಬ್ಬಿಸಬೇಕಿತ್ತು. ಮೊನ್ನೆ ಅದೇ ದಯಾನಂದ ನನ್ನ ಜಗಲಿಯಲ್ಲಿ ಕುಳಿತು, “ಅಲ್ಲಿ ಟಿವಿಯಲ್ಲಿ ಅಮೆರಿಕದ ಮ್ಯಾಚ್ ಬರ್ತದೆ ಮಾಷ್ಟ್ರೆ. ನೋಡುವಾಗ ನಮ್ಮದೇ ಆಟ ನೆನಪಾಗುವುದು” ಎಂದ. ಯಾವ ಆಟ ಮಾರಾಯ, ನಿನ್ನ ಗೊರಕೆಯಾ ಎಂದು ಕೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಹೆಂಡತಿಗೆ ಅವನು ತಂದುಕೊಟ್ಟ ಸಾಬೂನಿನ ಪೊಟ್ಟಣ ಮೇಜಿನ ಮೇಲಿತ್ತು, ‘ಹೌದು ಹೌದು’ ಎಂದೆ.

ಎಲ್ಲರಿಗಿಂತ ಹೆಚ್ಚು ನನ್ನ ಮೈ ಉರಿಸುವವನು ರಘುಪತಿ ರಾವ್, ತಂಡದಲ್ಲಿ ನಮಗೆಲ್ಲ ಬರೀ ರಘು. ಬೆಳ್ಮಣ್ಣಿನ ಬ್ಯಾಂಕಿನಲ್ಲಿ ಮ್ಯಾನೇಜರು. ಗಾಜಿನ ಕೋಣೆ, ತಿರುಗುವ ಕುರ್ಚಿ, ಮೇಜಿನ ಮೇಲೆ ಕರೆಗಂಟೆ. ನನ್ನ ಮಾವನ ಮನೆ ಆ ಕಡೆಯಾದ್ದರಿಂದ ವರ್ಷಕ್ಕೆ ಎರಡು ಮೂರು ಸಲ ನಾನು ಅಲ್ಲಿಗೆ ಹೋಗುವುದುಂಟು. ಗಾಜಿನ ಆಚೆಯಿಂದ ನನ್ನನ್ನು ಕಂಡ ಕೂಡಲೇ ಅವನು ತಲೆ ತಗ್ಗಿಸಿ ಕಾಗದದೊಳಗೆ ಮುಳುಗುತ್ತಾನೆ. ಒಮ್ಮೆಯಾದರೂ ‘ಬಾ, ಕುಳಿತುಕೋ’ ಎಂದವನಲ್ಲ. ಎಷ್ಟು ಧಿಮಾಕು ನೋಡಿ! ಬಸ್ಸಿನಲ್ಲಿ ಹಿಂದಿರುಗುವಾಗ ಬೆಳ್ಮಣ್ಣಿನಿಂದ ಕಾರ್ಕಳದವರೆಗೂ ನಾನು ಮನಸ್ಸಿನಲ್ಲೇ ಅವನಿಗೆ ಮಂಗಳಾರತಿ ಮಾಡುತ್ತೇನೆ. ಯಾಕೆಂದರೆ ಆ ಕುರ್ಚಿ ಯಾರದ್ದೆಂದು ನನಗೆ ಗೊತ್ತು.

ಇಲ್ಲಿ ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ನಾನು ಆಡುತ್ತಿರಲಿಲ್ಲ. ಚೆಂಡು ನನ್ನ ಕಡೆ ಬಂದರೆ ಕಣ್ಣು ಮುಚ್ಚಿಕೊಳ್ಳುವ ಜಾತಿ ನನ್ನದು. ಅಕ್ಷರ ದುಂಡಗಿದೆ ಎಂದು ಆಟದ ಪುಸ್ತಕ ಬರೆಯುವ ಕೆಲಸ ಕೊಟ್ಟಿದ್ದರು. ಯಾರು ಹೊಡೆದರು, ಯಾರು ಎಸೆದರು, ಯಾರು ಯಾರನ್ನು ಔಟು ಮಾಡಿದರು ಎಲ್ಲ ನನ್ನ ಕೈಬರಹದಲ್ಲೇ. ತಂಡದವರೆಲ್ಲ ಬೆವರುವಾಗ ನಾನು ಕೊಡೆಯ ನೆರಳಲ್ಲಿ ಕುಳಿತು ಗೆರೆ ಎಳೆಯುತ್ತಿದ್ದೆ, ದೊಡ್ಡ ಅಧಿಕಾರಿಯ ಹಾಗೆ.

ನಾವು ನಿಜವಾದ ಪಂದ್ಯವೆಂದು ಆಡಿದ್ದು ಒಂದೇ. ಮಣಿಪಾಲದ ಕೆಂಪು ಮುರಕಲ್ಲಿನ ಮೈದಾನದಲ್ಲಿ, ಕಿರೀಟನ ಹಾಸ್ಟೆಲಿನ ಹುಡುಗರ ವಿರುದ್ಧ. ಅವರಿಗೆ ಬಿಳಿ ಬಟ್ಟೆ, ಬೂಟು. ನಮ್ಮವರಲ್ಲಿ ನಾಲ್ವರು ಬರಿಗಾಲು. ಸಂಜೀವ ಅವತ್ತು ಕಾರ್ಖಾನೆಯಿಂದ ನೇರ ಬಂದಿದ್ದ, ಮೊಣಕೈವರೆಗೆ ಕೆಂಪು ಧೂಳು. ಅವನು ಎಸೆಯಲು ನಿಂತ. ಆ ಹುಡುಗರು ಒಬ್ಬರ ಹಿಂದೆ ಒಬ್ಬರು ಬಂದು ಗಾಳಿಗೆ ಬ್ಯಾಟು ಬೀಸಿ ಹೋದರು. ಸುತ್ತಿಗೆ ಮೂರು ಔಟಿನಂತೆ ಐದು ಸುತ್ತಿನ ಆಟದಲ್ಲಿ ಅವರಿಗೆ ಒಂದೇ ಒಂದು ರನ್. ನಮಗೆ ಎರಡು, ಅದರಲ್ಲೂ ಒಂದು ಸಂಜೀವನದ್ದೇ. ರಘು ದೂರದಲ್ಲಿ ನಿಂತು ಉರುಳಿ ಬಂದ ಚೆಂಡು ಹೆಕ್ಕುತ್ತಿದ್ದ, ಹೆಕ್ಕಿದ್ದರಲ್ಲೂ ಅರ್ಧ ಕೈಜಾರುತ್ತಿತ್ತು. ಕಿರೀಟ್ ಬಂದು ಸಂಜೀವನನ್ನು ಎತ್ತಿಕೊಂಡು ಕುಣಿದ. ಕೆಂಪು ಧೂಳು ಅವನ ಬಿಳಿ ಅಂಗಿಗೆಲ್ಲ ಮೆತ್ತಿತು.

ಅದಾಗಿ ಕೆಲವು ತಿಂಗಳಿಗೆ ಒಂದು ಬ್ಯಾಂಕಿನವರು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂಬ ಸುದ್ದಿ ಬಂತು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ತಂಡದ ಮುಖ್ಯ ಆಟಗಾರನೆಂಬುದಕ್ಕೆ ಪುರಾವೆ ಬೇಕು. ಸಂಜೀವ ಪಾಸಾಗಿದ್ದ. ಪುರಾವೆ ನನ್ನ ಪುಸ್ತಕದಲ್ಲಿತ್ತು. ಮಾರನೆಯ ಬೆಳಿಗ್ಗೆ ವಿಠಲ ನಮ್ಮ ಮನೆಗೆ ಬಂದ.

“ಸಂಜೀವನಿಗೆ ಎಂತಕ್ಕೆ ಬ್ಯಾಂಕು? ಅವನಿಗೆ ಹಂಚಿನ ಕೆಲಸ ಉಂಟಲ್ಲ. ರಘುವಿನ ಅಪ್ಪ ತೀರಿಹೋದ್ರು, ಮೂರು ತಂಗಿಯರು ಬೇರೆ. ನೀನು ಪುಸ್ತಕದಲ್ಲಿ ಎಸೆದವನು ರಘು ಅಂತ ಮಾಡು. ನಿನಗೆ ಹತ್ತು ನಿಮಿಷದ ಕೆಲಸ, ಅಲ್ವಾ?”

ರಘುವಿನ ತಂಗಿಯರ ಮೇಲಿನ ಮರುಕದಿಂದ ನಾನು ಒಪ್ಪಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಹಾಗಿಲ್ಲ. ನಾನಾಗ ಟ್ರೇನಿಂಗ್ ಮುಗಿಸಿ ಮಾಷ್ಟ್ರ ಕೆಲಸಕ್ಕೆ ಕಾಯುತ್ತಿದ್ದೆ. ವಿಠಲನ ಮಾವ ಕಾರ್ಕಳದ ಕಡೆಯ ಒಂದು ಶಾಲೆಯ ಆಡಳಿತದಲ್ಲಿದ್ದರು. ಮಾವನ ಹೆಸರನ್ನು ವಿಠಲ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಹತ್ತು ನಿಮಿಷವಲ್ಲ, ಎರಡು ದಿನ ಕುಳಿತು ಇಡೀ ಪುಸ್ತಕವನ್ನು ಹೊಸದಾಗಿ ಬರೆದೆ. ಸಂಜೀವನನ್ನು ಚೆಂಡು ಹೆಕ್ಕಲು ಕಳಿಸಿದೆ, ರಘುವನ್ನು ಎಸೆಯಲು ನಿಲ್ಲಿಸಿದೆ. ಹಳತಾಗಿ ಕಾಣಲೆಂದು ಪುಟಗಳ ಮೇಲೆ ಚಹಾದ ಹನಿಯನ್ನೂ ಚಿಮುಕಿಸಿದೆ. ನಿಜವಾದ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿದೆ. ರಘು ಬ್ಯಾಂಕು ಸೇರಿದ. ಮರುವರ್ಷ ನಾನು ಶಾಲೆ ಸೇರಿದೆ.

ಎಲ್ಲರ ಬಗ್ಗೆ ಮೂಗು ಮುರಿಯುತ್ತಾ ಬಂದವನ ಯೋಗ್ಯತೆ ಇಷ್ಟು. ಈಗ ನಿಮಗೆ ನನ್ನ ಮೇಲೆ ಅಸಹ್ಯ ಹುಟ್ಟಿದ್ದರೆ ನಾನು ಬೇಡವೆನ್ನುವುದಿಲ್ಲ.

ಲೇಖನಕ್ಕೆ ಎಲ್ಲರ ಸುದ್ದಿಯೂ ಇತ್ತು, ಸಂಜೀವನದ್ದು ಮಾತ್ರ ಇರಲಿಲ್ಲ. ಹಂಚಿನ ಕಾರ್ಖಾನೆ ಮುಚ್ಚಿ ಕೆಲವು ವರ್ಷವಾಗಿದೆ, ಎಲ್ಲರಿಗೂ ಈಗ ತಾರಸಿ ಬೇಕು. ಅವನು ಮಳೆಗಾಲಕ್ಕೆ ಮುಂಚೆ ಮನೆಗಳ ಹಂಚು ಇಳಿಸಿ ಹೊದಿಸುವ ಕೆಲಸ ಮಾಡುತ್ತಾನೆಂದು ಯಾರೋ ಹೇಳಿದರು. ಹುಡುಕಿಕೊಂಡು ನಿನ್ನೆ ಕಾಪುವಿಗೆ ಹೋದೆ. ಪೇಟೆಯ ಹಿಂದಿನ ಒಂದು ಮನೆಯ ಮಾಡಿನ ಮೇಲೆ ಸಂಜೀವ ಕುಳಿತಿದ್ದ. ಒಂದೊಂದೇ ಹಂಚು ಎತ್ತಿ ಎಸೆಯುತ್ತಿದ್ದ. ಕೆಳಗೆ ಅವನ ಹೆಂಡತಿ ಹಿಡಿಯುತ್ತಿದ್ದಳು. ಆಕೆ ಕೈಯನ್ನು ಆಚೀಚೆ ಸರಿಸಬೇಕಾಗಿಯೇ ಇರಲಿಲ್ಲ.

“ಹೋ, ಮಾಷ್ಟ್ರು!” ಎಂದು ಇಳಿದು ಬಂದ. ಹೆಂಡತಿ ಎರಡು ಲೋಟ ಮಜ್ಜಿಗೆ ತಂದಿಟ್ಟಳು. ಬಂದ ಕಾರಣ ಹೇಳಿದೆ. ನಗುತ್ತಾ ಕೇಳಿದ. ಆಮೇಲೆ ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಶುರು ಮಾಡಿದೆ.

“ಸಂಜೀವ, ಆ ಬ್ಯಾಂಕಿನ ವಿಷಯ... ಆ ಪುಸ್ತಕ...”

“ಗೊತ್ತುಂಟು ಮಾಷ್ಟ್ರೆ,” ಎಂದ. “ನಾನೂ ಅವತ್ತು ಅರ್ಜಿ ಹಿಡ್ಕೊಂಡು ಹೋಗಿದ್ದೆ. ಬ್ಯಾಂಕಿನವರು ಪುಸ್ತಕ ತೆಗೆದು ನೋಡಿದ್ರು. ನೀನು ಚೆಂಡು ಹೆಕ್ಕುವವ ಅಲ್ವಾ ಅಂದ್ರು. ನನಗೆ ಮಂಡೆಯೇ ಓಡ್ಲಿಲ್ಲ. ಮತ್ತೆ ರಘುರಾಯರು ಮನೆಗೆ ಬಂದಿದ್ರು.”

“ರಘುವಾ? ಯಾವಾಗ?”

“ಕೆಲಸ ಸೇರಿದ ವರ್ಷವೇ. ಅಂಗಳದಲ್ಲಿ ನಿಂತು, ಅಮ್ಮನ ಎದುರೇ ಎಲ್ಲ ಹೇಳಿದ್ರು. ಕೆಲಸ ಬಿಡ್ತೇನೆ ಅಂತ ಕೂತ್ರು. ನೀವು ಬಿಟ್ರೆ ಇವನಿಗೆ ಸಿಗ್ತದಾ, ತಂಗಿಯರಿಗೆ ಒಂದು ದಾರಿ ಮಾಡಿ ಅಂತ ಅಮ್ಮನೇ ಕಳಿಸಿದ್ದು. ಬರೆದದ್ದು ಯಾರು ಅಂತ ಅವರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಆ ಪುಸ್ತಕದಲ್ಲಿ ಬರೀತಾ ಇದ್ದದ್ದು ನೀವೊಬ್ಬರೇ ಅಲ್ವಾ?” ಮಜ್ಜಿಗೆಯ ಲೋಟ ಕೆಳಗಿಟ್ಟ. “ನೀವೂ ಬರ್ತೀರಿ ಅಂತ ಎಣಿಸಿದ್ದೆ. ಒಂದೆರಡು ವರ್ಷ ಎಣಿಸಿದೆ. ಮತ್ತೆ ಬಿಟ್ಟೆ.”

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬೆಳ್ಮಣ್ಣಿನ ಗಾಜಿನ ಕೋಣೆ ಕಣ್ಣೆದುರು ಬಂತು. ಅಷ್ಟು ವರ್ಷ ನಾನು ಅದನ್ನು ಧಿಮಾಕೆಂದು ಕರೆದೆನಲ್ಲ! ತನ್ನ ಪಾಲಿನ ತಪ್ಪನ್ನು ಎಂದೋ ಒಪ್ಪಿಕೊಂಡು ಬಂದವನು ನನ್ನ ಮುಖ ನೋಡಲಾರದೆ ತಲೆ ತಗ್ಗಿಸುತ್ತಿದ್ದ. ನನ್ನ ಹೆಸರು ಹೇಳದೆ ಉಳಿಸಿದವನೂ ಅವನೇ. ತಗ್ಗಬೇಕಾಗಿದ್ದ ತಲೆ ಕೌಂಟರಿನ ಈಚೆ ಎತ್ತಿಕೊಂಡು ನಿಂತಿತ್ತು.

“ತಪ್ಪಾಯ್ತು ಸಂಜೀವ,” ಎಂದೆ. ಬಾಯಿಪಾಠ ಮಾಡಿದ್ದೆಲ್ಲ ಹೋಗಿ ಅಷ್ಟೇ ಉಳಿದಿತ್ತು.

“ಹೌದು, ತಪ್ಪೇ,” ಎಂದು ಅವನು ಮತ್ತೆ ಏಣಿ ಹತ್ತಿದ.

ರಾತ್ರಿಯವರೆಗೆ ಕಾಯದೆ ಸಂಜೆಯೇ ಬರೆಯಲು ಕುಳಿತೆ. ಪಟ್ಟಿಯಲ್ಲಿ ಮೊದಲ ಹೆಸರು ಸಂಜೀವನದ್ದು. ಆ ಪಂದ್ಯದಲ್ಲಿ ಎಸೆದವನು ಅವನು, ಹನ್ನೊಂದು ಸಲ ಬರೀ ಎಸೆತದಿಂದಲೇ ಔಟು ಮಾಡಿದವನು ಅವನು, ಸುಳ್ಳು ಪುಸ್ತಕ ಬರೆದವನು ನಾನು ಎಂದು ಸ್ಪಷ್ಟವಾಗಿ ಬರೆದು ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ವಿಠಲ ಇದನ್ನು ಅಚ್ಚು ಹಾಕಿಸುವುದಿಲ್ಲವೆಂದು ಗೊತ್ತು. ಹಾಕದಿದ್ದರೆ ಬೆಳ್ಳಿಹಬ್ಬದ ದಿನ ವೇದಿಕೆ ಹತ್ತಿ ಓದುತ್ತೇನೆಂದು ಅಂಚಿನಲ್ಲಿ ಸೇರಿಸಿದೆ. ಇಂದು ಬೆಳಿಗ್ಗೆ ಮೊದಲ ಬಸ್ಸಿಗೆ ಪುನಃ ಕಾಪುವಿಗೆ ಹೋಗಿ, ಅವನಿಗೆ ತೋರಿಸದೆ ಯಾರಿಗೂ ಕೊಡಬಾರದೆಂದು ಅವನ ಕೈಯಲ್ಲಿಟ್ಟೆ.

ಸಂಜೀವ ಕೈ ಒರೆಸಿಕೊಂಡು, ಬೆರಳು ಇಟ್ಟು ಒಂದೊಂದೇ ಸಾಲು ಓದಿದ. ಒಂದು ಕಡೆ ಬೆರಳು ನಿಂತಿತು.

“ಹನ್ನೊಂದಲ್ಲ ಮಾಷ್ಟ್ರೆ, ಹನ್ನೆರಡು. ಕೊನೆಯವ ಎಡಗೈಯವ. ಮೂರೂ ಚೆಂಡಿಗೆ ಗಾಳಿಗೆ ಬೀಸಿದ್ದು.”

ನನಗೆ ನೆನಪಾಯಿತು. ಹನ್ನೆರಡೆಂದರೆ ರಘುವಿನ ಹೆಸರಿನ ಮುಂದೆ ಯಾರೂ ನಂಬಲಿಕ್ಕಿಲ್ಲವೆಂದು ಸುಳ್ಳು ಪುಸ್ತಕದಲ್ಲಿ ಹನ್ನೊಂದು ಮಾಡಿದವನು ನಾನೇ. ಇಷ್ಟು ವರ್ಷದಲ್ಲಿ ನಿಜ ಮರೆತುಹೋಗಿ ನನ್ನ ಸುಳ್ಳೇ ನನಗೆ ಲೆಕ್ಕವಾಗಿತ್ತು. ಅವನ ಏಣಿಯ ಮೆಟ್ಟಿಲ ಮೇಲೆ ಕಾಗದ ಇಟ್ಟು, ಹನ್ನೊಂದನ್ನು ಹೊಡೆದು ಹಾಕಿ ಹನ್ನೆರಡು ಎಂದು ಬರೆದೆ. ಶಾಯಿ ಒಣಗುವವರೆಗೂ ಸಂಜೀವ ಪಕ್ಕದಲ್ಲೇ ನಿಂತು ನೋಡಿದ.