ಬಂಡೆಮ್ಮನ ಎದುರು ಆಡಬಾರದ ಮಾತು

ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ ರಾಯಚೂರು ಸೀಮೆಯಲ್ಲಿ ‘ಕಮಜೋರಿ’, ಅಂದರೆ ನಿಶ್ಶಕ್ತಿ, ಎಂಬ ಮಾತಿಗೆ ಕೈತುಂಬ ಕೆಲಸ. ಗೆದ್ದಲು ತಿಂದ ತೊಲೆಗೆ ಕಮಜೋರಿ, ಮೇವು ಬಿಟ್ಟ ಎತ್ತಿಗೆ ಕಮಜೋರಿ, ಸಾಕ್ಷಿ ಸಿಗದ ವ್ಯಾಜ್ಯಕ್ಕೂ ಕಮಜೋರಿ. ಯಾರಿಗೆ ಬೇಕಾದರೂ ಅನ್ನಬಹುದಿತ್ತು, ದೇವದುರ್ಗದ ಬಂಡೆಮ್ಮನ ಗಂಡ ಹಂಪಯ್ಯನೊಬ್ಬನನ್ನು ಬಿಟ್ಟು.

ಬಂಡೆಮ್ಮ ರಸ್ತೆ ಕೆಲಸದಲ್ಲಿ ಕಲ್ಲು ಹೊರುವವಳು. ಆಕೆ ದೇವದುರ್ಗದಲ್ಲಿ ಒಬ್ಬನ ಕಪಾಳಕ್ಕೆ ಬಿಟ್ಟರೆ ಮಾನ್ವಿ ಸಂತೆಯ ಜನ ತಮ್ಮ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಚಳಿಜ್ವರದಿಂದ ಎದ್ದ ಹಂಪಯ್ಯನ ನಾಡಿ ಹಿಡಿದು ಹಕೀಮ ಅಲ್ಲಾಬಕ್ಷ್, “ಕಮಜೋರಿ ಭಾಳ ಅದ ನೋಡವ್ವ” ಎಂದದ್ದೇ ತಡ, ಬಂಡೆಮ್ಮನ ಏಟಿಗೆ ಹಕೀಮನ ಮುಂದಿನ ಹಲ್ಲು ಹಾರಿ ಕೃಷ್ಣೆ ದಾಟಿತು.

“ಅಲ್ಲವ್ವ, ಹುಲಿ ಇದ್ದಂಗ ಅದಾನ,” ಎಂದು ಆತ ರಕ್ತದ ಬಾಯಲ್ಲೇ ತಿದ್ದಿಕೊಂಡ.

ಆಕೆಯ ಹೆದರಿಕೆ ಬೇರೆ. ಆ ಮಾತು ಅಂಟಿದರೆ ಕೂಲಿ ತಪ್ಪುತ್ತದೆ, ಕೂಲಿ ತಪ್ಪಿದವನು ಮೂಲೆ ಹಿಡಿಯುತ್ತಾನೆ, ಮತ್ತೆ ಏಳುವುದಿಲ್ಲ. ಆಕೆಯ ಅಪ್ಪ ಹೋದದ್ದು ಹಾಗೇ.

ಕಲ್ಲನ್ನು ಸರಪಳಿಯಲ್ಲಿ ಬಿಗಿದು, ಬಿದಿರ ಗಳಕ್ಕೆ ತೂಗುಹಾಕಿ, ಗಂಡ ಹೆಂಡತಿ ಆಚೀಚೆ ಹೆಗಲು ಕೊಡುತ್ತಿದ್ದರು. ಬಂಡೆಮ್ಮ ಯಾರಿಗೂ ಕಾಣದಂತೆ ಸರಪಳಿಯನ್ನು ತನ್ನ ಕಡೆಗೇ ಸರಿಸಿಕೊಳ್ಳುತ್ತಿದ್ದಳು. ಹಂಪಯ್ಯನ ಹೆಗಲಿಗೆ ಬರುತ್ತಿದ್ದುದು ಬರೀ ಗಳದ ಭಾರ.

ಒಂದು ಮಧ್ಯಾಹ್ನ ಕೂಲಿಯಾಳುಗಳ ಮೇಲಿನ ಮುಕಾದಮ ಮೌನಪ್ಪ ಇದನ್ನು ಕಂಡ.

“ಏನ ಬಂಡೆಮ್ಮ, ಕಲ್ಲಿಗೆ ನಿನ್ನ ಮ್ಯಾಲೆ ಮನಸಾಗೇದೇನು?”

“ಹೆಗಲು ನಂದು. ನಿನಗ್ಯಾಕ ನೋವಲೇ?”

ಮೌನಪ್ಪ ಸರಪಳಿಯನ್ನು ಒದ್ದು ಆಚೆ ತುದಿಗೆ ತಳ್ಳಿದ. ಕಲ್ಲಿನ ಜೊತೆಗೇ ಹಂಪಯ್ಯ ನೆಲಕ್ಕೆ ಬಿದ್ದ. ಮೊಣಕಾಲು ಸೀಳಿ ಎಲುಬು ಕಂಡಿತು.

“ಕಮಜೋರ್ ನನ್ಮಗ! ನಾಳಿಂದ ಬರಬ್ಯಾಡ.”

ಗಳದ ಮೊದಲ ಏಟು ಮೌನಪ್ಪನ ಕಿವಿ ಹರಿಯಿತು. ಎರಡನೆಯದಕ್ಕೆ ಹೆಗಲಿನ ಎಲುಬು ಮುರಿಯಿತು; ಆ ಸದ್ದಿಗೆ ಕೃಷ್ಣೆಯ ದಡದ ಗೂಗಲ್ ಊರಿನ ಹರಿಗೋಲುಗಳು ತಾವೇ ಹಗ್ಗ ಬಿಚ್ಚಿಕೊಂಡು ಹೊರಟವು. ಬಿಡಿಸಲು ಬಂದವನ ಮೂಗು ಅಪ್ಪಚ್ಚಿಯಾಯಿತು. ಅವನ ಹಿಂದೆ ಬಂದವನ ತೋಳು ಬಾವಿಯ ಹಗ್ಗದಂತೆ ಜೋತುಬಿತ್ತು. ಆಮೇಲೆ ಬಂಡೆಮ್ಮ ಗಳ ಬಿಸಾಡಿ, ಕಲ್ಲನ್ನೇ ಎರಡೂ ಕೈಯಲ್ಲಿ ಎತ್ತಿ ನೆಲಕ್ಕೊರಗಿದ್ದ ಮೌನಪ್ಪನ ತಲೆಯ ನೇರಕ್ಕೆ ಹಿಡಿದಳು. ಯಾರೂ ಅಲುಗಲಿಲ್ಲ.

ಹಂಪಯ್ಯ ರಕ್ತ ಬಳಿಯುತ್ತ ತೆವಳಿಕೊಂಡು ಬಂದು ಆಕೆಯ ಕಾಲು ತಬ್ಬಿಕೊಂಡ.

“ಒಗೀಬ್ಯಾಡ ಬೇ. ಅಂವ ಖರೇನ ಅಂದಾನ. ನನಗ ಕಮಜೋರಿ ಅದ.”

ಕಲ್ಲು ಮೌನಪ್ಪನ ಕಿವಿಯ ಪಕ್ಕದ ಮಣ್ಣಿಗೆ ಧೊಪ್ಪನೆ ಬಿತ್ತು. ತನಗೇ ಯಾರೋ ಹೊಡೆದಂತೆ ಬಂಡೆಮ್ಮ ಕುಸಿದು ಕೂತಳು.

“ಇಷ್ಟು ದಿನ ಯಾಕ ಹೇಳಲಿಲ್ಲ?”

“ನಿನಗ ಹೇಳಿ ನೆಟ್ಟಗ ಉಳದೋರು ಯಾರದಾರ?”

ಆಕೆ ಸೆರಗು ಹರಿದು ಅವನ ಮೊಣಕಾಲು ಕಟ್ಟತೊಡಗಿದಳು. ಮೌನಪ್ಪ ರಕ್ತ ಉಗುಳಿ ನರಳಿದ. “ಕುಂತು ಜಲ್ಲಿ ಒಡಿಯೋ ಕೆಲಸ ಇತ್ತಲ್ಲವ್ವಾ! ಮೊದಲ ಕೇಳಿದ್ರ ಕೊಡ್ತಿದ್ದೆ.”

“ಯಾಕ ಬೇಕು ಅಂತ ನೀ ಕೇಳ್ತಿದ್ದಿ,” ಎಂದಳು ಬಂಡೆಮ್ಮ. “ನಾ ಏನಂತ ಹೇಳಲಿ?”

ಕಾಲಿನ ಗಾಯ ಮಾಗಿದ ಮೇಲೆ ಹಂಪಯ್ಯ ಬೇವಿನ ನೆರಳಲ್ಲಿ ಕುಳಿತು ಜಲ್ಲಿ ಒಡೆದ. ಬಂಡೆಮ್ಮನ ಗಳದ ಇನ್ನೊಂದು ತುದಿಗೆ ಹೆಗಲು ಕೊಡಲು ಮಾತ್ರ ಬಹಳ ಕಾಲ ಯಾರೂ ಬರಲಿಲ್ಲ.