ತಿಪಟೂರಿನಲ್ಲಿ ಮಾತ್ರ ಸರಿಹೋಗಿತ್ತು

ಕೊಬ್ಬರಿ ಕೊಳ್ಳುವ ಒಂದು ಕಂಪನಿಗೆ ಸಾಫ್ಟ್‌ವೇರ್ ಬರೆಯುವವಳು ನಾನು. ತಿಪಟೂರಿನ ನಮ್ಮ ಮನೆಯಲ್ಲಿ, ಅಟ್ಟದ ಕೆಳಗಿನ ಕೋಣೆಯಲ್ಲೇ ಕೆಲಸ. ಮೊದಲು ತಿಪಟೂರಿನ ಖರೀದಿ ಕೇಂದ್ರಕ್ಕೆ ಬರೆದೆ. ತುರುವೇಕೆರೆಗೂ ಬೇಕೆಂದಾಗ ಮ್ಯಾನೇಜರ್, "ಇರೋದನ್ನೇ ಕಾಪಿ ಮಾಡಿ ಊರಿನ ಹೆಸರು ಬದಲಾಯಿಸಿ ಮೇಡಂ, ನಡೀತಿರೋದನ್ನ ಯಾಕೆ ಕೆದಕ್ತೀರಿ?" ಎಂದರು. ಹಾಗೇ ಮಾಡಿದೆ. ಹುಳಿಯಾರಿಗೂ ಅದೇ. ಯಾರಿಂದ ಕೊಳ್ಳಬಹುದೆಂಬಂಥ ನಿಯಮವನ್ನು ಒಂದೇ ಕಡೆ ಬರೆದು ಮೂರೂ ಊರಿಗೆ ಅಲ್ಲಿಂದಲೇ ಕೊಡಬೇಕೆಂಬುದು ಈ ಕಸುಬಿನ ಮೊದಲ ಪಾಠ. ಗೊತ್ತಿದ್ದೂ ಮಾಡಲಿಲ್ಲ, ಸೋಮಾರಿತನ.

ಆ ನಿಯಮದಲ್ಲೊಂದು ತಪ್ಪಿತ್ತು. ತೋಟ ತೀರಿಕೊಂಡ ಗಂಡನ ಹೆಸರಲ್ಲಿದ್ದರೆ, ಹೆಂಡತಿ ಎಲ್ಲ ಕಾಗದ ತಂದರೂ ಸಾಫ್ಟ್‌ವೇರ್ ಅವಳನ್ನು ಒಪ್ಪುತ್ತಿರಲಿಲ್ಲ. ತಿಪಟೂರಿನಿಂದ ದೂರು ಬಂತು, ತಿಪಟೂರಿನದನ್ನು ತಿದ್ದಿದೆ. ಹುಳಿಯಾರಿನ ಹತ್ತಿರ ಕೆಂಕೆರೆಯಲ್ಲಿರುವ, ಗಂಡನಿಲ್ಲದ ನನ್ನ ಅಕ್ಕನಿಗೆ ಫೋನ್ ಮಾಡಿ, "ಸರಿ ಮಾಡಿದೀನಿ ಕಣಕ್ಕ, ನಿನ್ನ ಹೆಸರಲ್ಲೇ ಹಾಕು. ಮೈದುನನ ಹಂಗ್ಯಾಕೆ?" ಎಂದು ಜಂಬ ಕೊಚ್ಚಿದೆ. ಮಿಕ್ಕ ಎರಡು ಕಾಪಿ ನೆನಪಿಗೇ ಬರಲಿಲ್ಲ.

ಅಕ್ಕ ಅಟ್ಟದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಗಲಗಲ ಎಂದಿದ್ದನ್ನೇ ಸುಲಿಸಿ, ಕೊಬ್ಬರಿಯನ್ನು ಹುಳಿಯಾರಿಗೆ ಒಯ್ದಳು. ಕೇಂದ್ರದವನು ಪರದೆ ನೋಡಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ನಿಮ್ಮ ಹೆಸರಲ್ಲಿ ತೋಟ ಇಲ್ಲ ಕಣಮ್ಮ, ಗಂಡಸರನ್ನ ಕಳ್ಸಿ" ಎಂದನಂತೆ. ಜೊತೆಗಿದ್ದ ಮೈದುನ, "ನಾನ್ ಹೇಳ್ಲಿಲ್ವಾ ಅತ್ತಿಗೆ? ಬುಡಿ" ಎಂದವನೇ, ಕೊಬ್ಬರಿಯೆಲ್ಲ ತನ್ನ ತೋಟದ್ದೆಂದು ತನ್ನ ಹೆಸರಿಗೆ ಬರೆಸಿಬಿಟ್ಟ. ಅಂದಿನಿಂದ ಅವಳ ತೋಟಕ್ಕೂ ಅವನದೇ ಯಜಮಾನಿಕೆ. ಕಾಯಿ ಕೀಳಿಸಬೇಕಾದರೂ ಅಕ್ಕ ಅವನನ್ನು ಕೇಳಬೇಕು.

"ತಿಪಟೂರಲ್ಲಿ ಮಾತ್ರ ಸರಿ ಮಾಡಿದ್ದೆ ಕಣಕ್ಕ" ಎಂದು ಅದೇ ದಿನ ಸಂಜೆ ಫೋನಿನಲ್ಲಿ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನವೇ ಮೂರೂ ಕಾಪಿ ಅಳಿಸಿ ನಿಯಮವನ್ನು ಒಂದೇ ಕಡೆಗೆ ತಂದೆ. ಒಂದು ಮಧ್ಯಾಹ್ನದ ಕೆಲಸ. ಅಷ್ಟಕ್ಕೆ ಎರಡು ವರ್ಷ ಪುರುಸೊತ್ತಿರಲಿಲ್ಲ ನಮಗೆ! ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದಕ್ಕೆ ಮ್ಯಾನೇಜರ್ ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ಆ ಹೊಗಳಿಕೆಗೆ ಬೆಂಕಿ ಬೀಳ.

ಅಕ್ಕನಿಗೆ ಫೋನ್ ಮಾಡಿದೆ. "ಈಗ ನಿಜವಾಗ್ಲೂ ಸರಿ ಹೋಯ್ತು ಕಣಕ್ಕ. ಮುಂದಿನ ಸಲ ನೀನೇ ಹೋಗು."

ಅವಳು ಕೇಳಿದಳು:

"ಯಾವೂರಲ್ಲಿ ಕಣೇ?"